‘ಡಿಸಿಪೇಷನ್’: ಒಂದು ಶಬ್ದದ ಅರ್ಥವಿಚಾರ

ಆಂಗ್ಲಭಾಷೆಯ ‘ಡಿಸಿಪೇಷನ್’ ಎಂಬ ಶಬ್ದವು ವಿಜ್ಞಾನದ ಪಾಠದಲ್ಲಿ ಒಂದರ್ಥವನ್ನೂ ನೀತಿಪಾಠದಲ್ಲಿ ಮತ್ತೊಂದರ್ಥವನ್ನೂ ತಳೆದು ಬರುವುದರಿಂದ, ಕನ್ನಡದಲ್ಲಿ ಬೋಧಿಸುವ ಉಪಾಧ್ಯಾಯರಿಗೆ ತೊಡಕನ್ನುಂಟುಮಾಡುತ್ತದೆ. ಚದುರುವಿಕೆ, ಅಪವ್ಯಯ, ವಿಷಯಲೋಲುಪತೆ ಎಂಬ ಮೂರೂ ಒಂದೇ ಶಬ್ದದೊಳಗೆ ಹೇಗೆ ಅಡಗಿದುವು? ಶಬ್ದದ ಮೂಲ ಲ್ಯಾಟಿನ್. ‘ಡಿಸ್’ ಎಂದರೆ ಬೇರೆ ಬೇರೆಯಾಗಿ. ಅದಕ್ಕೆ ‘ಎಸೆ’ ಎಂಬರ್ಥದ ಪ್ರಾಚೀನ ಧಾತುವೊಂದು ಸೇರಿದೆ. ದಿಕ್ಕುದಿಕ್ಕಿಗೆ ಎಸೆಯುವುದೇ ಮೊದಲ ಅರ್ಥ. ಹಣವನ್ನು ಹಾಗೆ ಎಸೆದರೆ ದುಂದು; ಮನೋಬಲ ದೇಹಬಲಗಳನ್ನು ಎಸೆದರೆ ದುರಾಚಾರ.

ಸೋಜಿಗವೆಂದರೆ, ಸಂಸ್ಕೃತವೂ ಇದೇ ದಾರಿಯಲ್ಲಿ ನಡೆದಿದೆ. ‘ವಿ’ ಎಂಬ ಉಪಸರ್ಗಕ್ಕೆ ಎಸೆಯುವ ಅರ್ಥದ ‘ಅಸ್’ ಧಾತು ಸೇರಿ ‘ವ್ಯಸನ’ವಾಯಿತು. ಮನುಸ್ಮೃತಿಯ ಏಳನೆಯ ಅಧ್ಯಾಯವು ರಾಜನಿಗೆ ವರ್ಜ್ಯವಾದ ವ್ಯಸನಗಳನ್ನು 18 ಎಂದು ಎಣಿಸುತ್ತದೆ. ಕಾಮದಿಂದ ಹುಟ್ಟಿದವು 10, ಕ್ರೋಧದಿಂದ ಹುಟ್ಟಿದವು 8. ಜೂಜು, ಪಾನ, ಬೇಟೆಗಳ ಸಾಲಿನಲ್ಲಿ ಹಗಲುನಿದ್ರೆಯೂ ಇದೆ. ಮಧ್ಯಾಹ್ನದ ತರಗತಿಯಲ್ಲಿ ಇದನ್ನು ನೆನಪಿಸುವುದು ಲೇಸು! ಧನವನ್ನು ಕೆಡಿಸುವ ಅರ್ಥದೂಷಣವು ಮಾತ್ರ ಕ್ರೋಧದ ಪಟ್ಟಿಯಲ್ಲಿರುವುದು ವಿಚಾರಾರ್ಹ. ಆದರೆ ನಮ್ಮ ಹಳ್ಳಿಗರ ಬಾಯಲ್ಲಿ ವ್ಯಸನವೆಂದರೆ ಚಿಂತೆ, ದುಃಖ. ಆದಕಾರಣ ಆ ಶಬ್ದವನ್ನು ಎಲ್ಲೆಡೆಯೂ ಬಳಸಲಾಗದು.

ಅಚ್ಚಗನ್ನಡದ ‘ಚೆಲ್ಲು’ ಎಂಬುದನ್ನು ನೋಡಿರಿ. ಕಾಳು ಚೆಲ್ಲಾಪಿಲ್ಲಿಯಾಗುತ್ತದೆ, ದುಂದುಗಾರನು ಹಣ ಚೆಲ್ಲುತ್ತಾನೆ, ಗಾಂಭೀರ್ಯವಿಲ್ಲದವನು ಚೆಲ್ಲುಚೆಲ್ಲಾಗಿ ಆಡುತ್ತಾನೆ. ಮೂರರ್ಥಗಳೂ ಇಲ್ಲಿಯೇ ಇವೆ! ಆದರೂ ಚೆಲ್ಲುವುದೆಲ್ಲ ದೋಷವಲ್ಲ. ಹನೂರಿನ ಬೆದ್ದಲಿನಲ್ಲಿ ರಾಗಿಯನ್ನೂ ಯಳಂದೂರಿನ ಗದ್ದೆಬಯಲಿನ ಸಸಿಮಡಿಗಳಲ್ಲಿ ಮೊಳಕೆಬತ್ತವನ್ನೂ ಚೆಲ್ಲಿದರೆ ಅದು ಬಿತ್ತನೆ.

ವಿಜ್ಞಾನದಲ್ಲಿ ಹೆಚ್ಚಿನ ಎಚ್ಚರ ಬೇಕು. 1852ರಲ್ಲಿ ವಿಲಿಯಂ ಥಾಮ್ಸನ್ ಎಂಬ ಭೌತವಿಜ್ಞಾನಿಯು ಯಾಂತ್ರಿಕ ಶಕ್ತಿಯ ವಿಷಯದಲ್ಲಿ ಈ ಶಬ್ದವನ್ನು ಪ್ರಯೋಗಿಸಿದನು. ಇದನ್ನು ‘ಶಕ್ತಿನಾಶ’ವೆಂದು ಹೇಳಿಕೊಡುವುದು ಸರಿಯಲ್ಲ. ಶಕ್ತಿಗೆ ನಾಶವಿಲ್ಲವೆಂದು ನಿನ್ನೆ ಕಲಿತ ಬಾಲಕನು ಇಂದು ಯಾವುದನ್ನು ನಂಬಬೇಕು? ಕೊಳ್ಳೇಗಾಲ ತಾಲ್ಲೂಕಿನ ಭರಚುಕ್ಕಿಯಲ್ಲಿ ಧುಮುಕುವ ಕಾವೇರಿಯ ಶಕ್ತಿಯು ಎಲ್ಲಿ ಹೋಗುತ್ತದೆ? ಭೋರ್ಗರೆತವಾಗಿ, ತುಂತುರಾಗಿ, ನೀರಿನಲ್ಲಿಯೇ ಅತ್ಯಲ್ಪ ಶಾಖವಾಗಿ ಹರಡಿಹೋಗುತ್ತದೆ. ಇದೆ, ಆದರೆ ಮರಳಿ ಕೈಗೆ ಸಿಗದು. ಅದೇ ನದಿಯ ನೀರನ್ನು ಶಿವನಸಮುದ್ರದ ವಿದ್ಯುದಾಗಾರದ ಯಂತ್ರಗಳಿಗೆ ಹಾಯಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದರು. ದಾರಿಯುದ್ದಕ್ಕೂ ತಂತಿಗಳು ಬಿಸಿಯಾಗಿ ಅದರಲ್ಲಿಯೂ ಒಂದು ಪಾಲು ಗಾಳಿಗೆ ಸಂದಿತು. ಆ ಪಾಲನ್ನು ತಗ್ಗಿಸಲೆಂದೇ ವಿದ್ಯುತ್ತಿನ ಒತ್ತಡವನ್ನು ಏರಿಸಿ ಕಳುಹಿಸುವುದು ವಾಡಿಕೆ.

ಆದ್ದರಿಂದ ಭೌತಶಾಸ್ತ್ರದಲ್ಲಿ ‘ಶಕ್ತಿಯ ಚದುರಿಕೆ’ ಎಂದೂ, ಹಣಕಾಸಿನ ಸಂದರ್ಭದಲ್ಲಿ ‘ದುಂದು’ ಅಥವಾ ‘ಅಪವ್ಯಯ’ವೆಂದೂ, ನಡತೆಯ ವಿಷಯದಲ್ಲಿ ‘ದುರ್ವ್ಯಸನ’ವೆಂದೂ ಹೇಳಬಹುದೆಂದು ನನ್ನ ಅಭಿಪ್ರಾಯ. ‘ದುರ್’ ಎಂಬ ಉಪಸರ್ಗವು ಸೇರಿದರೆ ಚಿಂತೆಯೆಂಬ ಅರ್ಥದ ಗೊಂದಲವು ತಾನಾಗಿಯೇ ತಪ್ಪುತ್ತದೆ.