ಹೆಗಲಿನ ದೋಣಿ ವಿಮಾನವೇರಿದ್ದು

1944ರಲ್ಲಿ ವಿಲಿಯಂ ಹಾಫ್‌ಮನ್ ಎಂಬ ಎಂಜಿನಿಯರ್ ಮೀನು ಹಿಡಿಯಲೆಂದು ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳಿಗೆ ಹೋಗಿದ್ದರು. ಆ ಸೀಮೆಯಲ್ಲಿ ಕೆರೆಯಿಂದ ಕೆರೆಗೆ ಸಾಗಲು ಕನೂ ಎಂಬ ಕಿರಿದಾದ ದೋಣಿಯೇ ಗತಿ. ಎರಡು ಕೆರೆಗಳ ನಡುವೆ ಕಾಡು ಅಡ್ಡ ಬಂದರೆ ದೋಣಿಯನ್ನು ಹೆಗಲಿಗೇರಿಸಿಕೊಂಡು ನಡೆಯಬೇಕು. ಹಾಫ್‌ಮನ್ ಹೊತ್ತಿದ್ದು ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ದೋಣಿ. ಅಂಥದ್ದು ನೀರು ಕುಡಿದಷ್ಟೂ ಭಾರವಾಗುತ್ತದೆ.

ಹಾಫ್‌ಮನ್ ಕೆಲಸ ಮಾಡುತ್ತಿದ್ದುದು ಅಮೆರಿಕದ ನೌಕಾಪಡೆಗೆ ಯುದ್ಧವಿಮಾನ ತಯಾರಿಸುತ್ತಿದ್ದ ಗ್ರಮನ್ ಕಂಪನಿಯಲ್ಲಿ. ತೆಳುವಾಗಿಯೂ ಗಟ್ಟಿಯಾಗಿಯೂ ಇರುವ ಅಲ್ಯೂಮಿನಿಯಂ ಹಾಳೆ ಅವರ ಕೈಗೆ ನಿತ್ಯ ಪರಿಚಿತ. ಅದರಲ್ಲೇ ದೋಣಿ ಮಾಡಿದರೇನು ಎಂಬ ಯೋಚನೆ ಆ ಕಾಡಿನ ದಾರಿಯಲ್ಲಿ ಹುಟ್ಟಿತು. ಯುದ್ಧ ಮುಗಿಯುತ್ತ ಬಂದಿತ್ತು, ಕಾರ್ಖಾನೆಗೂ ಹೊಸ ಕೆಲಸ ಬೇಕಿತ್ತು. ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಬಾಗಿಸಿ ದೋಣಿಯ ಎರಡು ಹೋಳು ಮಾಡುವುದು, ಅವನ್ನು ನಡುಬೆನ್ನಿನ ಉದ್ದಕ್ಕೂ ರಿವೆಟ್ ಹೊಡೆದು ಕೂಡಿಸುವುದು: ವಿಮಾನದ ಮೈ ಕಟ್ಟುವ ವಿದ್ಯೆಯೇ ದೋಣಿಗೂ ಒದಗಿತು. 1945ರಲ್ಲಿ ತಯಾರಿಕೆ ಶುರುವಾಯಿತು. ಮುಂದೆ ಹೆಸರಾದ 17 ಅಡಿಯ ಮಾದರಿ ಸುಮಾರು 34 ಕಿಲೋ ತೂಗುತ್ತಿತ್ತು. ನೀರು ಹೀರುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ, ಬಂಡೆಗೆ ಬಡಿದರೆ ಸಾಮಾನ್ಯವಾಗಿ ತಗ್ಗು ಬೀಳುತ್ತದೆಯೇ ಹೊರತು ಒಡೆಯುವುದಿಲ್ಲ.

ಇನ್ನರ್ಧ ಕತೆ ಕೆನಡಾದ್ದು. 1919ರ ಜೂನ್‌ನಲ್ಲಿ ಸ್ಟುವರ್ಟ್ ಗ್ರಹಾಂ ಎಂಬ ಪೈಲಟ್, ನೀರಿನಿಂದಲೇ ಏರಿ ನೀರಿಗೇ ಇಳಿಯುವ ಕರ್ಟಿಸ್ ವಿಮಾನವೊಂದನ್ನು ಹ್ಯಾಲಿಫ್ಯಾಕ್ಸ್‌ನಿಂದ ಕ್ವಿಬೆಕ್‌ನ ಕಾಡಿನ ಕೆರೆಯೊಂದಕ್ಕೆ ಹಾರಿಸಿಕೊಂಡು ಹೋದರು. ದಾರಿ ನೋಡಿ ಹೇಳಲು ಹೆಂಡತಿ ಮ್ಯಾಜ್ ಜೊತೆಗಿದ್ದರು. ಗ್ರಹಾಂ ಅವರಿಗೆ ಒಪ್ಪಿಸಿದ್ದ ಕೆಲಸ ಕಾಡ್ಗಿಚ್ಚು ಪತ್ತೆಹಚ್ಚುವುದು. ರಸ್ತೆಯೂ ರನ್‌ವೇಯೂ ಇಲ್ಲದ ನಾಡಿನಲ್ಲಿ ಕೆರೆಗಳೇ ನಿಲ್ದಾಣ ಎಂಬುದು ಅಲ್ಲಿಂದ ಸಾಬೀತಾಯಿತು. ಗಣಿ ಹುಡುಕುವವರು, ಸರ್ವೇ ಮಾಡುವವರು ದೋಣಿಯನ್ನು ವಿಮಾನಕ್ಕೆ ಕಟ್ಟಿಕೊಂಡು ಹೊರಡತೊಡಗಿದರು. ಕೆರೆಗೆ ಇಳಿದ ಮೇಲೆ ಮುಂದಿನ ದಾರಿ ದೋಣಿಯದೇ ತಾನೆ!

ಈ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಮುಂದಿನದು. ಯುದ್ಧಾನಂತರ ಟೊರಾಂಟೊದ ಡಿ ಹ್ಯಾವಿಲೆಂಡ್ ಕೆನಡಾ ಕಂಪನಿ ಕಾಡಿನ ಕೆಲಸಕ್ಕೆಂದೇ ವಿಮಾನ ಮಾಡಹೊರಟಿತು. ಸ್ವತಃ ಉತ್ತರದ ಕಾಡುಗಳ ಮೇಲೆ ಹಾರಿ ಪಳಗಿದ್ದ ಪಂಚ್ ಡಿಕಿನ್ಸ್ ಆಗ ಆ ಕಂಪನಿಯಲ್ಲಿದ್ದರು. ನಿಮಗೆ ಎಂಥ ವಿಮಾನ ಬೇಕು ಎಂದು ಅವರು ಪೈಲಟ್‌ಗಳನ್ನೇ ಕೇಳಿದರು. ಬಂದ ಉತ್ತರಗಳು ನಕ್ಷೆಯಾದವು. ಧಕ್ಕೆಯ ಯಾವ ಬದಿಗೆ ನಿಲ್ಲಿಸಿದರೂ ಸಾಮಾನು ಹೇರಲು ಎರಡೂ ಕಡೆ ಬಾಗಿಲು, ಎಣ್ಣೆಯ ಡ್ರಮ್ಮು ಉರುಳಿಸಿ ಒಳಹಾಕುವಷ್ಟು ಅಗಲ. ಎಂಜಿನ್ ಆಯಿಲ್ ಹಾಕುವ ಮುಚ್ಚಳ ಪೈಲಟ್‌ ಕೋಣೆಯ ಒಳಗೇ ಇದೆ. ಹಾರುತ್ತಲೇ ಆಯಿಲ್ ಸುರಿಯಬಹುದು. 450 ಅಶ್ವಶಕ್ತಿಯ ಎಂಜಿನ್ ಹೊತ್ತ ಈ ‘ಬೀವರ್’ 1947ರ ಆಗಸ್ಟ್ 16ರಂದು ಮೊದಲ ಬಾರಿ ಹಾರಿತು. ಮುಂದೆ 1,600ಕ್ಕೂ ಹೆಚ್ಚು ಬೀವರ್‌ಗಳು ತಯಾರಾದವು. ಅಲ್ಯೂಮಿನಿಯಂ ದೋಣಿ ಹುಟ್ಟಿದ್ದು ದೋಣಿ ಹೊತ್ತವನ ತಲೆಯಲ್ಲಿ, ಬೀವರ್ ಹುಟ್ಟಿದ್ದು ಸಾಮಾನು ಹೇರಿದವರ ಮಾತಿನಲ್ಲಿ. ಕೆಲಸದ ಕಷ್ಟ ಉಂಡವರನ್ನು ಕೇಳಿ ಮಾಡಿದ ವಸ್ತು ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇರೆ ಕಾಣದು.

ಇಷ್ಟಾದರೂ 17 ಅಡಿಯ ದೋಣಿ ಬೀವರ್‌ನ ಒಳಗೆ ಹಿಡಿಸದು. ವಿಮಾನವನ್ನು ತೇಲಿಸುವ ಎರಡು ಫ್ಲೋಟ್‌ಗಳಲ್ಲಿ ಒಂದರ ಮೇಲೆ, ಮೈಗೆ ಒತ್ತಿ, ಉದ್ದಕ್ಕೆ ಇಟ್ಟು ಕಂಬಿಗಳಿಗೆ ಹಗ್ಗದಿಂದ ಬಿಗಿಯಬೇಕು. ಒಳಗಿನ ಹುಟ್ಟು, ಚೀಲ, ಸಡಿಲವಾದ ಏನನ್ನೂ ಬಿಡುವಂತಿಲ್ಲ. ಕಟ್ಟಿದ ಮೇಲೆ ಅಲ್ಲಾಡಿಸಿ ನೋಡಬೇಕು. ಕೊಂಚ ಮಿಸುಕಿದರೂ ಬಿಚ್ಚಿ ಮತ್ತೆ ಕಟ್ಟಬೇಕು. ಇಲ್ಲಿ ತೂಕಕ್ಕಿಂತ ಗಾಳಿಯ ಕಾಟ ದೊಡ್ಡದು. ದೋಣಿ ಇರುವ ಬದಿಗೆ ಗಾಳಿಯ ತಡೆ ಹೆಚ್ಚಿ ಮೂತಿ ಅತ್ತ ಎಳೆಯುತ್ತದೆ. ಪೈಲಟ್ ಕಾಲಿನಿಂದ ರಡ್ಡರ್ ಒತ್ತಿ ಅದನ್ನು ಸರಿದೂಗಿಸುತ್ತಾನೆ. ನೀರಿನಿಂದ ಮೇಲೇಳಲು ಹೆಚ್ಚು ದೂರ ಓಡಬೇಕು, ಬಾಲದ ರೆಕ್ಕೆಗೆ ತಲುಪುವ ಗಾಳಿಯೂ ಕದಡುತ್ತದೆ. ಅದಕ್ಕೇ ಅಮೆರಿಕದಲ್ಲೂ ಕೆನಡಾದಲ್ಲೂ ಹೀಗೆ ಹೊರಗೆ ಹೇರು ಕಟ್ಟಲು ವಿಮಾನಯಾನ ಇಲಾಖೆಯ ಒಪ್ಪಿಗೆ ಬೇಕು.

ವಿಮಾನದಿಂದ ದಾರಿ ಸುಲಭವಾದಷ್ಟೂ ಕಾಡಿನ ನೆಮ್ಮದಿ ಕೆಟ್ಟಿತು. ಮಿನೆಸೋಟಾದ ಈಲಿ ಊರಿನಿಂದ ಮೀನು ಹಿಡಿಯುವವರನ್ನು ಹೊತ್ತ ವಿಮಾನಗಳು ದೂರದ ಕೆರೆಗಳಿಗೆ ಮುಗಿಬಿದ್ದವು. ಲೇಖಕ ಸಿಗರ್ಡ್ ಓಲ್ಸನ್ ಮತ್ತಿತರರು ಇದರ ವಿರುದ್ಧ ದನಿ ಎತ್ತಿದರು. 1949ರಲ್ಲಿ ಅಧ್ಯಕ್ಷ ಟ್ರೂಮನ್, ಈಲಿ ಸುತ್ತಲಿನ ಕಾಡಿನ ರಸ್ತೆಯಿಲ್ಲದ ಭಾಗಗಳ ಮೇಲೆ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ಹಾರಬಾರದೆಂದು ಆಜ್ಞೆ ಹೊರಡಿಸಿದರು. ಅದು ಸರಿಯಾದ ನಿರ್ಧಾರ. ಎಲ್ಲ ಕೆರೆಗೂ ವಿಮಾನ ಇಳಿಯಲೇಬೇಕೆಂದಿಲ್ಲ.

ವಿಮಾನ ಬಿಟ್ಟರೆ ಸುಲಭದ ದಾರಿಯೇ ಇಲ್ಲದ ಜಾಗಗಳೂ ಇವೆ. ಕೆನಡಾದ ವಾಯವ್ಯ ಪ್ರಾಂತದ ನಹಾನಿ ನದಿ ಅಂಥದ್ದು. ಅಲ್ಲಿ 90 ಮೀಟರ್‌ಗೂ ಎತ್ತರದ ವರ್ಜೀನಿಯಾ ಜಲಪಾತದ ಮೇಲ್ಭಾಗದಲ್ಲಿ ವಿಮಾನ ನದಿಗೇ ಇಳಿಯುತ್ತದೆ. ಇಂಥ ಯಾನಕ್ಕೆ ಒಯ್ಯುವ ದೋಣಿಗಳಲ್ಲಿ ಈಗ ಮಡಚುವಂಥವೂ ಇವೆ. ಈ ಉಪಾಯ ವಿಮಾನಕ್ಕಿಂತ ಹಳೆಯ ವಾಹನಕ್ಕಾಗಿ ಒದಗಿದ್ದು: 1905ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್ರಿಶ್ ಮಡಚುವ ಕಯಾಕ್ ರೂಪಿಸಿ ಈಸಾರ್ ನದಿಯಲ್ಲಿ ಸಾಗಿದರು, 1907ರಲ್ಲಿ ರೋಸೆನ್‌ಹೈಮ್‌ನ ದರ್ಜಿ ಯೋಹಾನ್ ಕ್ಲೆಪ್ಪರ್ ಅದರ ಹಕ್ಕು ಕೊಂಡು ತಯಾರಿಕೆಗಿಳಿದರು. ರೈಲಿನಲ್ಲಿ ಚೀಲವಾಗಿ ಹೋಗುತ್ತಿದ್ದ ದೋಣಿ ವಿಮಾನದ ಒಳಗೂ ಹಿಡಿಸಿತು. ಗಾಳಿಯ ತಡೆಯ ಪ್ರಶ್ನೆಯೇ ಉಳಿಯಲಿಲ್ಲ. ದಡದಲ್ಲಿ ಕೂತು ಅದನ್ನು ಜೋಡಿಸುವ ಶ್ರಮವೊಂದೇ ಹೆಚ್ಚು. ಸುರಕ್ಷಿತವಾಗಿ ಇಳಿಯುವುದಕ್ಕೆ ತೆರುವ ಬೆಲೆಯಾಗಿ ಅದು ಅಗ್ಗವೇ.