ಪೆಟ್ಟಿಗೆಯೊಳಗೆ ಪೆನ್ ಇದೆಯೇ?

2020ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಲೆನೊವೊ ಕಂಪನಿ ಐಡಿಯಾಪ್ಯಾಡ್ ಡ್ಯುಯೆಟ್ ಎಂಬ ಟ್ಯಾಬ್ಲೆಟ್ ತೋರಿಸಿತು. ಹತ್ತು ಇಂಚಿನ ಪರದೆ, ಅರ್ಧ ಕಿಲೋಗಿಂತ ಕಡಿಮೆ ತೂಕ, ಅಯಸ್ಕಾಂತದಿಂದ ಅಂಟಿಕೊಂಡು ಬೇಕಾದಾಗ ಕಳಚಿ ಬರುವ ಕೀಬೋರ್ಡ್, ಹಿಂಬದಿಗೆ ಊರುಗೋಲಾಗುವ ಹೊದಿಕೆ. ಅದು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಆದರೂ 279 ಡಾಲರ್ ಎಂಬ ಬೆಲೆ, ಆ ಬೆಲೆಯಲ್ಲೇ ಕೀಬೋರ್ಡ್ ಮತ್ತು ಹೊದಿಕೆ ಎರಡೂ ಸೇರಿವೆ ಎಂಬ ಘೋಷಣೆ ಎಲ್ಲರ ಗಮನ ಸೆಳೆದವು. ಪರದೆಯ ಮೇಲೆ ಪೆನ್ನಿನಿಂದ ಬರೆಯಬಹುದಿತ್ತು, ಆದರೆ ಪೆನ್ ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ, ಅದನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಅಗ್ಗದ ಟ್ಯಾಬ್ಲೆಟ್ ಘೋಷಣೆಯಾದಾಗಲೆಲ್ಲ ನಾವು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಮೊದಲು ನೋಡುತ್ತೇವೆ. ಪೆನ್ ಎಲ್ಲಿದೆ, ಅದರ ಖರ್ಚು ಯಾರ ತಲೆಗೆ ಬಿದ್ದಿದೆ ಎಂಬುದನ್ನೇ ಮೊದಲು ನೋಡಬೇಕೆಂಬುದು ನನ್ನ ವಾದ. ಈ ಬಗೆಯ ಸಾಧನ ಅಗ್ಗವಾದ ದಾರಿಯನ್ನು ಹಿಂದಿರುಗಿ ನೋಡಿದರೆ ಇದಕ್ಕೆ ಸಾಕಷ್ಟು ಪುರಾವೆ ಸಿಗುತ್ತದೆ.

ಕಂಪ್ಯೂಟರಿಗೆ ಪೆನ್ನಿನಿಂದ ಬರೆಯುವ ಹಂಬಲ ಮೌಸ್‌ನಷ್ಟೇ ಹಳೆಯದು. 1964ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ರೂಪಿಸಿದ ಬರೆಯುವ ಹಲಗೆಯ ಬೆಲೆ 18,000 ಡಾಲರ್. ಮುಂದೆ ಮೂರು ದಶಕ ಈ ಕ್ಷೇತ್ರದವರ ಗುರಿ ಒಂದೇ ಆಗಿತ್ತು: ಮನುಷ್ಯ ಹೇಗೆ ಗೀಚಿದರೂ ಯಂತ್ರ ಅದನ್ನು ಓದಿ ಅಚ್ಚಿನ ಅಕ್ಷರವಾಗಿಸಬೇಕು. 1993ರ ಆಪಲ್ ನ್ಯೂಟನ್ ಸೋತದ್ದು ಮುಖ್ಯವಾಗಿ ಇಲ್ಲೇ. ಅದು ಕೈಬರಹವನ್ನು ತಪ್ಪಾಗಿ ಓದುವುದು ಅಮೆರಿಕದ ಪತ್ರಿಕೆಗಳ ವ್ಯಂಗ್ಯಚಿತ್ರಗಳಿಗೂ ವಸ್ತುವಾಯಿತು. 1996ರಲ್ಲಿ ಬಂದ ಪಾಮ್ ಪೈಲಟ್ ಗೆದ್ದದ್ದು ಆ ಗುರಿಯನ್ನು ಕೆಳಗಿಳಿಸಿ. ಯಂತ್ರಕ್ಕೆ ಅರ್ಥವಾಗುವ ಸರಳ ಗೆರೆಗಳನ್ನು ಬಳಸುವವರೇ ಕಲಿಯಬೇಕೆಂದು ಅದರ ಕರ್ತೃ ಜೆಫ್ ಹಾಕಿನ್ಸ್ ಹಟ ಹಿಡಿದರು, ಜನ ಕಲಿತೂಬಿಟ್ಟರು. 2001ರಲ್ಲಿ ಬಿಲ್ ಗೇಟ್ಸ್ ಟ್ಯಾಬ್ಲೆಟ್ ಪಿಸಿಯನ್ನು ತೋರಿಸಿ, ಐದು ವರ್ಷಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಂಪ್ಯೂಟರ್ ಇದೇ ಆಗಲಿದೆ ಎಂದರು. ಮರುವರ್ಷ ಬಂದ ಕಾಂಪ್ಯಾಕ್‌ನ ಟಿಸಿ1000ರಲ್ಲಿ ಕಳಚುವ ಕೀಬೋರ್ಡ್, ಪೆನ್ ಎರಡೂ ಇದ್ದವು. ಇಂದಿನ ಅಗ್ಗದ ಟ್ಯಾಬ್ಲೆಟ್‌ನ ರೂಪ ಆಗಲೇ ಸಿದ್ಧವಾಗಿತ್ತು ಎನ್ನಬೇಕು. ಬೆಲೆ ಮಾತ್ರ ಸುಮಾರು 1,700 ಡಾಲರ್ ಇತ್ತು, ಗೇಟ್ಸ್ ಭವಿಷ್ಯವಾಣಿ ನಿಜವಾಗಲಿಲ್ಲ.

ಅದೇ ಹೊತ್ತಿನಲ್ಲಿ ಬೆಂಗಳೂರಿನಲ್ಲೂ ಒಂದು ಪ್ರಯತ್ನ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ತಂತ್ರಜ್ಞರು ಕೂಡಿ ರೂಪಿಸಿದ ಸಿಂಪ್ಯೂಟರ್ ಅಂಗೈಯಗಲದ್ದು, ಕಡ್ಡಿಯಿಂದ ಮುಟ್ಟಿ ಬಳಸುವಂಥದ್ದು. ಸ್ಮಾರ್ಟ್ ಕಾರ್ಡ್ ಮೂಲಕ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬಹುದಿತ್ತು. ಬರಹವನ್ನು ಹಿಂದಿ, ಕನ್ನಡಗಳಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶವೂ ಆ ಯೋಜನೆಯಲ್ಲೇ ಹುಟ್ಟಿತು. ಅದರ ಆಶಯವನ್ನು ಇವತ್ತಿಗೂ ಗೌರವದಿಂದ ನೆನೆಯಬೇಕು. ಓದು ಬಾರದವರಿಗೂ ಕಂಪ್ಯೂಟರ್ ದಕ್ಕಬೇಕು ಎಂದು ಅಷ್ಟು ಸ್ಪಷ್ಟವಾಗಿ ಹೊರಟ ಯೋಜನೆಗಳು ಜಗತ್ತಿನಲ್ಲೇ ಕಡಿಮೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿ ಅಂಗಡಿಗೆ ಬಂದಾಗ ಅದು ಮಾರಾಟವಾದದ್ದು ಸಾವಿರಗಳ ಲೆಕ್ಕದಲ್ಲಷ್ಟೇ. ಅಷ್ಟು ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ವಸ್ತುವಿಗೆ ಪರದೆ, ಬ್ಯಾಟರಿ, ಚಿಪ್ ಯಾವುದೂ ಅಗ್ಗವಾಗಿ ಸಿಗುವುದಿಲ್ಲ. ಅಗ್ಗದ ಯಂತ್ರಕ್ಕೆ ಒಳ್ಳೆಯ ವಿನ್ಯಾಸವೊಂದೇ ಸಾಲದು, ಅದರ ಬಿಡಿಭಾಗಗಳನ್ನು ಬೇರೆ ಯಾವುದೋ ದೊಡ್ಡ ಮಾರುಕಟ್ಟೆ ಮೊದಲೇ ಅಗ್ಗ ಮಾಡಿರಬೇಕು.

ಆ ದೊಡ್ಡ ಮಾರುಕಟ್ಟೆ ಸ್ಮಾರ್ಟ್‌ಫೋನ್‌ನದು. ಫೋನಿಗೆ ಸ್ಟೈಲಸ್ ಯಾರಿಗೆ ಬೇಕು ಎಂದು 2007ರಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಕೇಳಿದ್ದರು. ಬೆರಳಿನ ಸ್ಪರ್ಶಕ್ಕೆಂದು ಕೋಟಿಗಟ್ಟಲೆ ತಯಾರಾದ ಆ ಪರದೆಗಳೇ ಮುಂದೆ ಪೆನ್ನನ್ನು ಅಗ್ಗವಾಗಿಸಿದವು. ಜಪಾನಿನ ವ್ಯಾಕಮ್ ಕಂಪನಿಯ ಹೆಸರಾಂತ ವಿಧಾನದಲ್ಲಿ ಪರದೆಯ ಹಿಂದೆ ತಂತಿಗಳ ಪ್ರತ್ಯೇಕ ಜಾಲವೊಂದು ಇರುತ್ತದೆ. ಆ ಜಾಲ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಪೆನ್ ಶಕ್ತಿ ಪಡೆಯುತ್ತದೆ, ಪೆನ್ನಿಗೆ ಬ್ಯಾಟರಿ ಬೇಕಿಲ್ಲ. ಬರವಣಿಗೆ ಸೊಗಸು, ಆದರೆ ಆ ಜಾಲದ ಖರ್ಚು ಪ್ರತಿಯೊಂದು ಟ್ಯಾಬ್ಲೆಟ್‌ಗೂ ಸೇರುತ್ತದೆ. ಇನ್ನೊಂದು ವಿಧಾನದಲ್ಲಿ ಪೆನ್ನೊಳಗೇ ಬ್ಯಾಟರಿ ಮತ್ತು ಸರ್ಕ್ಯೂಟ್ ಇರುತ್ತದೆ. ಅದು ಕಳಿಸುವ ಸಂಕೇತವನ್ನು ಬೆರಳಿಗೆಂದೇ ಇರುವ ಸ್ಪರ್ಶಪದರ ಹಿಡಿದುಕೊಳ್ಳುತ್ತದೆ, ಹಿಂದೆ ಬೇರೆ ಜಾಲ ಬೇಡ. 2015ರಲ್ಲಿ ಕೆಲವು ಕಂಪನಿಗಳು ಕೂಡಿ ಯುಎಸ್ಐ ಎಂಬ ಒಕ್ಕೂಟ ಕಟ್ಟಿ, ಯಾವ ಕಂಪನಿಯ ಪೆನ್ನಾದರೂ ಯಾವ ಕಂಪನಿಯ ಪರದೆಯ ಮೇಲಾದರೂ ಬರೆಯುವಂಥ ಮಾನದಂಡ ರೂಪಿಸಿದ್ದು ಈ ಎರಡನೆಯ ವಿಧಾನಕ್ಕೆ. ಡ್ಯುಯೆಟ್ ಬಳಸಿದ್ದು ಅದನ್ನೇ. ಅದರ ಪ್ರೊಸೆಸರ್ ಕೂಡ ಮೀಡಿಯಾಟೆಕ್ ಕಂಪನಿ ಫೋನುಗಳಿಗೆಂದು ಮಾಡಿದ ಚಿಪ್‌ನ ಒಡಹುಟ್ಟು. ಹೀಗೆ ಖರ್ಚು ಪೂರ್ತಿ ಮಾಯವಾಗಲಿಲ್ಲ, ಅದರಲ್ಲೊಂದು ಪಾಲು ಟ್ಯಾಬ್ಲೆಟ್‌ನಿಂದ ಪೆನ್ನಿಗೆ ವರ್ಗವಾಯಿತು. ಟ್ಯಾಬ್ಲೆಟ್‌ನ ಬೆಲೆ ಇಳಿದದ್ದು ಜಾಹೀರಾತಿನಲ್ಲಿ ಕಾಣುತ್ತದೆ, ಪೆನ್ನಿನ ಬೆಲೆ ಕಾಣುವುದು ಬಿಲ್ಲಿನಲ್ಲಿ.

2018ರ ಅಂಕಿಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಆ ವರ್ಷ ಮೈಕ್ರೋಸಾಫ್ಟ್‌ನ ಸರ್ಫೇಸ್ ಗೋ 399 ಡಾಲರಿಗೆ ಬಂತು. ಕೀಬೋರ್ಡಿಗೆ ಸುಮಾರು 100, ಪೆನ್ನಿಗೆ ಸುಮಾರು 100 ಕೂಡಿಸಿದರೆ 600. ಅದೇ ವರ್ಷ ಎಚ್‌ಪಿ ಕಳಚುವ ಕೀಬೋರ್ಡಿನ ಮೊದಲ ಕ್ರೋಮ್‌ಬುಕ್ (ಗೂಗಲ್‌ನ ಕ್ರೋಮ್ ಓಎಸ್ ಬಳಸುವ ಕಂಪ್ಯೂಟರ್) ತಂದಾಗ ಕೀಬೋರ್ಡ್, ಪೆನ್ ಎರಡನ್ನೂ ಪೆಟ್ಟಿಗೆಯಲ್ಲಿಟ್ಟು 599 ಎಂದಿತು. ಒಂದು ಅಗ್ಗ, ಇನ್ನೊಂದು ದುಬಾರಿ ಎಂದು ಕಂಡರೂ ಕೈಯಿಂದ ಹೋಗುವ ಹಣ ಒಂದೇ. ಶಾಲೆಗಳ ಮಾರುಕಟ್ಟೆಗಾಗಿ ಅದೇ ವರ್ಷದ ಮಾರ್ಚ್‌ನಲ್ಲಿ ನಡೆದ ಪೈಪೋಟಿಯೂ ಇಂಥದ್ದೇ. ಆಪಲ್ ಶಿಕಾಗೋದ ಪ್ರೌಢಶಾಲೆಯೊಂದರಲ್ಲಿ ಸಭೆ ಕರೆದು 329 ಡಾಲರ್‌ನ ಐಪ್ಯಾಡ್‌ಗೂ ತನ್ನ ಪೆನ್ಸಿಲ್ ಒಗ್ಗುತ್ತದೆ ಎಂದು ಸಾರಿತು, ಪೆನ್ಸಿಲ್‌ಗೆ ಮತ್ತೆ 99 ಡಾಲರ್. ಅದಕ್ಕೆ ಹಿಂದಿನ ದಿನವಷ್ಟೇ ಏಸರ್ ಕಂಪನಿ ಇದೇ 329ಕ್ಕೆ ಕ್ರೋಮ್ ಟ್ಯಾಬ್ಲೆಟ್ ಘೋಷಿಸಿ, ಪೆನ್ನನ್ನು ಟ್ಯಾಬ್ಲೆಟ್‌ನ ಮೈಯೊಳಗೇ ಗೂಡು ಮಾಡಿ ಇಟ್ಟಿತ್ತು. 2021ರಲ್ಲಿ ಏಸಸ್‌ನ ಸಿಎಂ3 ಈ ಎಳೆಗಳನ್ನು ಒಂದುಗೂಡಿಸಿತು. ಕಳಚುವ ಕೀಬೋರ್ಡ್, ಊರುಗೋಲು, ಗೂಡಿನೊಳಗೇ ಚಾರ್ಜ್ ಆಗುವ ಪೆನ್, ಎಲ್ಲ ಸೇರಿ 350 ಡಾಲರ್ ಆಸುಪಾಸು. ಮೂರು ವರ್ಷಗಳಲ್ಲಿ 600ರಿಂದ 350ಕ್ಕೆ ಇಳಿದ ಈ ಬೆಲೆಯೇ ನನ್ನ ದೃಷ್ಟಿಯಲ್ಲಿ ಈ ಕಥೆಯ ನಿಜವಾದ ಸಾಧನೆ.

ಇದಕ್ಕೆ ಆಕ್ಷೇಪಗಳಿವೆ. ನಾಲ್ಕು ಜಿಬಿ ಮೆಮೊರಿಯ ಯಂತ್ರ ನಿಧಾನ, ಪೆನ್ ಇದ್ದು ಏನು ಪ್ರಯೋಜನ ಎನ್ನುವವರದು ಪೊಳ್ಳು ಮಾತಲ್ಲ. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದರೆ ಡ್ಯುಯೆಟ್, ಸಿಎಂ3 ಎರಡೂ ಏದುಸಿರು ಬಿಡುತ್ತವೆ. ಹತ್ತು ಇಂಚಿನ ಅಗಲದಲ್ಲಿ ಕೀಲಿಗಳು ಇಕ್ಕಟ್ಟು, ತೊಡೆಯ ಮೇಲಿಟ್ಟರೆ ಊರುಗೋಲು ಜಾರುತ್ತದೆ. ಆದರೆ ಪಾಠದ ಪಿಡಿಎಫ್ ಮೇಲೆ ಗುರುತು ಹಾಕುವುದು, ಲೆಕ್ಕ ಬಿಡಿಸುವುದು, ನಕ್ಷೆ ಬರೆಯುವುದು ಮೆಮೊರಿಯನ್ನು ಹೆಚ್ಚು ಬೇಡದ ಕೆಲಸಗಳು, ಪೆನ್ ಇಲ್ಲದೆ ಇವನ್ನು ನೆಟ್ಟಗೆ ಮಾಡಲಾಗದು. ನೋಟ್‌ಬುಕ್ಕೇ ಸಾಕಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಬರೆಯಲು ಮಾತ್ರವಾದರೆ ಖಂಡಿತ ಸಾಕು. ಬರೆದದ್ದನ್ನು ದೂರದ ಶಿಕ್ಷಕರಿಗೆ ಕಳಿಸಿ ತಿದ್ದಿಸಿಕೊಳ್ಳಬೇಕಾದ ಅಗತ್ಯ ಎಷ್ಟೆಂದು 2020ರ ಲಾಕ್‌ಡೌನ್ ತೋರಿಸಿತು. ಅಂದು ನಮ್ಮ ಮಕ್ಕಳು ನೋಟ್‌ಬುಕ್ಕಿನ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಿದ್ದರು. ಕನ್ನಡಿಗರಿಗಂತೂ ಇನ್ನೊಂದು ಕಾರಣವಿದೆ. ಕೀಬೋರ್ಡಿನಲ್ಲಿ ಒತ್ತಕ್ಷರ ಮೂಡಿಸಲು ತಿಣುಕುವವರೂ ಕೈಯಲ್ಲಿ ಅದನ್ನು ಸಲೀಸಾಗಿ ಬರೆಯುತ್ತಾರೆ. ಗೂಗಲ್ 2015ರಲ್ಲಿ ಹೊರತಂದ ಕೈಬರಹ ತಂತ್ರಾಂಶ ಕನ್ನಡವನ್ನೂ ಓದಿತು, ಆ ಸೌಲಭ್ಯ ಈಗ ಅದರ ಜಿಬೋರ್ಡ್ ಎಂಬ ಫೋನ್ ಕೀಬೋರ್ಡ್‌ನಲ್ಲಿದೆ. ನ್ಯೂಟನ್ ಇಂಗ್ಲಿಷಿನಲ್ಲಿ ಎಡವಿದ ಕೆಲಸವನ್ನು ಸಾಮಾನ್ಯ ಫೋನು ಇಂದು ಕನ್ನಡದಲ್ಲಿ ಮಾಡುತ್ತಿದೆ.

ಹಾಗಾಗಿ ಬರಲಿರುವ ಯಾವುದೇ ಅಗ್ಗದ ಟ್ಯಾಬ್ಲೆಟ್‌ನ ಘೋಷಣೆ ಕಂಡಾಗ ಟ್ಯಾಬ್ಲೆಟ್, ಕೀಬೋರ್ಡ್, ಪೆನ್ ಮೂರರ ಬೆಲೆ ಕೂಡಿಸಿ ನೋಡಿ. ಪೆನ್ನಿಗೆ ಗೂಡಿಲ್ಲದಿದ್ದರೆ ಮಕ್ಕಳ ಕೈಯಲ್ಲಿ ಅದು ಬೇಗ ಕಳೆದುಹೋಗುತ್ತದೆ, ಎರಡನೆಯ ಪೆನ್ನಿನ ಹಣವನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಸಾಫ್ಟ್‌ವೇರ್ ಅಪ್‌ಡೇಟ್ ಯಾವ ವರ್ಷಕ್ಕೆ ಮುಗಿಯುತ್ತದೆ ಎಂದೂ ವಿಚಾರಿಸಿ. ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿದೆ, ಆದರೆ ಆ ಹತ್ತು ವರ್ಷದ ಎಣಿಕೆ ನೀವು ಕೊಂಡ ದಿನದಿಂದ ಆರಂಭವಾಗುವುದಿಲ್ಲ, ಆ ಮಾದರಿಯ ಯಂತ್ರಾಂಶ ಮೊದಲು ಬಿಡುಗಡೆಯಾದಾಗಲೇ ಆರಂಭವಾಗಿರುತ್ತದೆ. ಅಂಗಡಿಗೆ ಹೋದಾಗ ಪೆನ್ನನ್ನು ಕೈಗೆ ಕೇಳಿ ತೆಗೆದುಕೊಳ್ಳಿ. ಅಂಗೈಯನ್ನು ಪರದೆಯ ಮೇಲೆ ಊರಿ ಓರೆಯಾಗಿ ಒಂದು ಗೆರೆಯನ್ನು ನಿಧಾನವಾಗಿ ಎಳೆಯಿರಿ, ಕನ್ನಡದಲ್ಲಿ ಒತ್ತಕ್ಷರವಿರುವ ನಾಲ್ಕು ಸಾಲು ಬರೆಯಿರಿ. ಗೆರೆ ಅಲುಗಿದರೆ ಅಥವಾ ಅಂಗೈ ತಗುಲಿದಲ್ಲೆಲ್ಲ ಚುಕ್ಕೆ ಮೂಡಿದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಕೊಳ್ಳಬೇಡಿ.