ಪರದೆಯ ಮೇಲಿನ ಅರಮನೆ: ರಂಗಚಿತ್ರ ವಿದ್ಯೆಯಲ್ಲಿ ಕಲಿಯಬೇಕಾದದ್ದೇನು?

ತುಮಕೂರು: ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ 'ಕುರುಕ್ಷೇತ್ರ'ದಂತಹ ಪೌರಾಣಿಕ ನಾಟಕಗಳು ಇಂದಿಗೂ ರಾತ್ರಿಯಿಡೀ ನಡೆಯುತ್ತವೆ. ಪಾತ್ರಧಾರಿಗಳು ಊರಿನವರೇ, ಸೀನರಿ ಮಾತ್ರ ಬಾಡಿಗೆಗೆ ಬರುತ್ತದೆ. ಆ ಸೀನರಿಯನ್ನು ಕೈಯಿಂದ ಬರೆಯುವ ವಿದ್ಯೆಗೆ ಈಗ ಮುದ್ರಿತ ಫ್ಲೆಕ್ಸ್ ಪೈಪೋಟಿ ಒಡ್ಡಿದೆ. ಹೋಗುತ್ತಿರುವುದು ಬರಿಯ ಬಣ್ಣವಲ್ಲ, ದೂರ ಮತ್ತು ಬೆಳಕಿನ ಲೆಕ್ಕಾಚಾರ.

ಕಂಪನಿಯೇ ಪಾಠಶಾಲೆ

1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದ್ದೂರಿ ರಂಗಸಜ್ಜಿಕೆಗೆ ಹೆಸರಾಯಿತು. 'ಕುರುಕ್ಷೇತ್ರ'ಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿಯದು. ಮುಂದೆ ಚಿತ್ರನಿರ್ದೇಶಕರಾದ ಜಿ.ವಿ. ಅಯ್ಯರ್ ಎಳೆಯ ವಯಸ್ಸಿನಲ್ಲೇ ಇಲ್ಲಿ ಸೇರಿ ಪೋಸ್ಟರ್ ಬರೆದವರು.

ಕಂಪನಿ ನಾಟಕದಲ್ಲಿ ಪರದೆ ಕೇವಲ ಅಲಂಕಾರವಾಗಿರಲಿಲ್ಲ. ಬೀದಿಯ ಪರದೆ ಇಳಿಬಿಟ್ಟು ಮುಂದೆ ಹಾಸ್ಯ ದೃಶ್ಯ ನಡೆಯುತ್ತಿದ್ದಾಗ, ಹಿಂದೆ ದರ್ಬಾರು ಸಜ್ಜಾಗುತ್ತಿತ್ತು.

ಬಟ್ಟೆಯಿಂದ ಬಣ್ಣದವರೆಗೆ

ಮೊದಲ ಪಾಠ ಬಟ್ಟೆಯದು. ಹತ್ತಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಸರೇಸು ಹಾಗೂ ಸೀಮೆಸುಣ್ಣದ ಪುಡಿಯ ತೆಳು ಲೇಪನ ಕೊಡಬೇಕು. ಲೇಪನವಿಲ್ಲದಿದ್ದರೆ ಬಟ್ಟೆ ಬಣ್ಣವನ್ನು ಹೀರುತ್ತದೆ. ದಪ್ಪವಾದರೆ ಪರದೆ ಸುತ್ತುವಾಗ ಬಿರುಕು ಬಿಡುತ್ತದೆ.

ಬಳಿಕ ಅಳತೆ. ಕಾಗದದ ಮೇಲಿನ 1 ಅಂಗುಲವನ್ನು ಪರದೆಯ 1 ಅಡಿಯೆಂದು ಲೆಕ್ಕಹಾಕಿ, ಚೌಕಗಳನ್ನು ಹಾಕಿ ಚಿತ್ರವನ್ನು ಹಿಗ್ಗಿಸಲಾಗುತ್ತದೆ. ಪುಡಿ ಹಚ್ಚಿದ ದಾರವನ್ನು ಎಳೆದು ಬಿಟ್ಟರೆ ನೇರ ಗೆರೆ ಮೂಡುತ್ತದೆ. ದೂರದ ಬಾಗಿಲನ್ನು ಚಿಕ್ಕದಾಗಿ ಬರೆದಿದ್ದರೆ ನಟ ಅದರ ಬಳಿ ನಿಲ್ಲುವಂತಿಲ್ಲ; ನಿಂತರೆ ಭೀಮನೇನು, ಉತ್ತರಕುಮಾರನೂ ಬಾಗಿಲಿಗಿಂತ ಎತ್ತರ ಕಾಣುತ್ತಾನೆ.

ಸರೇಸಿನಲ್ಲಿ ಕಲಸಿದ ಪುಡಿಬಣ್ಣ ಒಣಗಿದಾಗ ತಿಳಿಯಾಗುತ್ತದೆ. ಆದ್ದರಿಂದ ಮೊದಲು ತುಣುಕು ಬಟ್ಟೆಯ ಮೇಲೆ ಹಚ್ಚಿ ನೋಡಬೇಕು. ಹತ್ತಿರದಿಂದ ಒರಟಾಗಿ ಕಾಣುವ ಬೆಳಕು, ನಡುಛಾಯೆ, ನೆರಳುಗಳ ಮೂರು ಪಟ್ಟೆ ಕೊನೆಯ ಸಾಲಿನಿಂದ ಕೆತ್ತಿದ ಕಂಬವಾಗುತ್ತದೆ. ಕೆಂಪು ದೀಪದಲ್ಲಿ ಹಸಿರು ಕಾಡು ಕಪ್ಪಾಗುತ್ತದೆಂಬುದೂ ತಿಳಿದಿರಬೇಕು.

ಸಿನಿಮಾದ ಬೇಡಿಕೆ ಬೇರೆ

1954ರಲ್ಲಿ ಗುಬ್ಬಿ ಸಂಸ್ಥೆ ನಿರ್ಮಾಣದಲ್ಲಿ ಪಾಲುಗೊಂಡ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿತು. ಆದರೆ ರಂಗದ ಚಿತ್ರವಿದ್ಯೆ ಸಿನಿಮಾಕ್ಕೆ ಹಾಗೆಯೇ ಒಗ್ಗುವುದಿಲ್ಲ. ಕ್ಯಾಮೆರಾ ಗೋಡೆಯ ಹತ್ತಿರಕ್ಕೇ ಬರುತ್ತದೆ. ಪ್ಲೈವುಡ್, ಪ್ಲಾಸ್ಟರ್‌ಗಳ ಮೇಲೆ ಕಲ್ಲಿನ ಒರಟುತನ, ತುಕ್ಕು, ಮಳೆನೀರಿನ ಕಲೆಗಳನ್ನು ಮೂಡಿಸುವ ಕೌಶಲ ಅಲ್ಲಿ ಅಗತ್ಯ.

ಕಲಿಯುವುದೆಲ್ಲಿ?

ಫ್ಲೆಕ್ಸ್ ಬೇಗ ಸಿಗುತ್ತದೆ, ಒಣಗಿಸುವ ಗೋಜಿಲ್ಲ. ಆದರೆ ಅದರ ಹೊಳಪು ದೀಪವನ್ನು ಪ್ರತಿಫಲಿಸುತ್ತದೆ. ನಟನ ಎತ್ತರಕ್ಕೆ ಅದರ ಚಿತ್ರ ಹೊಂದಬೇಕೆಂದೇನಿಲ್ಲ. 1980ರಲ್ಲಿ ಹೆಗ್ಗೋಡಿನಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರದಂತಹ ಸಂಸ್ಥೆಗಳಲ್ಲಿ ರಂಗಸಜ್ಜಿಕೆಯ ಪಾಠ ದೊರೆಯುತ್ತದೆ. ಕೈಪಳಗಲು ಮಾತ್ರ ಹಿರಿಯ ಕಲಾವಿದರ ಜತೆ ಬಣ್ಣ ಕಲಸಿ, ಪರದೆ ಬರೆಯುವುದೇ ದಾರಿ. ನಾಟಕವಾಡುವ ಊರುಗಳು ವರ್ಷಕ್ಕೊಂದು ಪರದೆಯನ್ನಾದರೂ ಕೈಯಿಂದ ಬರೆಸಿದರೆ ಆ ದಾರಿ ಮುಚ್ಚದು.